ತಲೆನೋವಿನ ಮಗುವಿನ ಕಾಲನ್ನೂ ವಿಚಾರಿಸಿ

ಕೊಂಗುನಾಡಿನ, ಅಂದರೆ ತಮಿಳುನಾಡಿನ ಕೊಯಮತ್ತೂರು, ತಿರುಪ್ಪೂರು ಸೀಮೆಯ, ಕನ್ನಡ ಮನೆಗಳ ಮಕ್ಕಳು ನೋವನ್ನು ಮೂರು ಭಾಷೆಗಳಲ್ಲಿ ಹೇಳುತ್ತಾರೆ. ಅಮ್ಮನ ಹತ್ತಿರ ಕನ್ನಡ, ಬೀದಿಯ ಗೆಳೆಯರ ಹತ್ತಿರ ತಮಿಳು, ಶಾಲೆಯ ಟೀಚರ ಮುಂದೆ ಇಂಗ್ಲಿಷು. ಸಿರುಮುಗೈಯ ರೇಷ್ಮೆ ಮಗ್ಗಗಳ ಓಣಿಯಲ್ಲಿರುವ ದೇವಾಂಗ ಮನೆತನಗಳು ತಲೆಮಾರುಗಳಿಂದ ಕನ್ನಡವನ್ನು ಓದುಬರಹವಿಲ್ಲದೆ ಬರೀ ಮಾತಿನಲ್ಲೇ ಕಾಪಾಡಿಕೊಂಡು ಬಂದಿವೆ. ಬನಿಯನ್ ಕಾರ್ಖಾನೆಗಳ ಕೆಲಸ ಹುಡುಕಿಕೊಂಡು ಚಾಮರಾಜನಗರದ ಕಡೆಯಿಂದ ತಿರುಪ್ಪೂರಿಗೆ ಇಳಿದವರ ಮನೆಗಳದ್ದೂ ಇದೇ ಕತೆ.

ತಲೆನೋವಿಗಾದರೆ ಮೂರು ಭಾಷೆಯಲ್ಲೂ ನೇರವಾದ ಪದ ಉಂಟು. ತಲೆನೋವು, ತಲೈವಲಿ, ಹೆಡೇಕ್. ಎಲ್ಲಿ ಹೇಳಿದರೂ ಅರ್ಥವಾಗುತ್ತದೆ. ಆದರೆ ರಾತ್ರಿ ಹಾಸಿಗೆಗೆ ಮೈ ಚಾಚಿದ ಮೇಲೆ ಕೆಲವು ಮಕ್ಕಳ ಕಾಲಿನೊಳಗೆ ಏನೋ ಶುರುವಾಗುತ್ತದೆ. ಅದಕ್ಕೆ ಏನೆನ್ನಬೇಕು? ತಮಿಳಿನಲ್ಲಿ 'ಕಾಲ್ ಕುಡೈಚ್ಚಲ್' ಎನ್ನುತ್ತಾರೆ, ಒಳಗಿನಿಂದ ಯಾರೋ ಕೊರೆಯುತ್ತಿದ್ದಾರೆ ಎಂಬ ಹಾಗೆ. ಕನ್ನಡದ ಮಕ್ಕಳು ಕಾಲು ಸೆಳೆಯುತ್ತೆ, ಜುಮುಜುಮು ಅನ್ನುತ್ತೆ, ಒಳಗೆ ಇರುವೆ ಹರಿದ ಹಾಗಾಗುತ್ತೆ ಎನ್ನುತ್ತಾರೆ. ಮಾತು ತೋಚದ ಚಿಕ್ಕವರು ಸುಮ್ಮನೆ ಕಾಲು ಬಡಿಯುತ್ತಾರೆ. ಇಷ್ಟೆಲ್ಲ ಬಣ್ಣದ ಮಾತು ಮರುದಿನ ಆಸ್ಪತ್ರೆಯ ಚೀಟಿಗೆ ಏರುವ ಹೊತ್ತಿಗೆ 'ಲೆಗ್ ಪೇನ್' ಎಂಬ ಎರಡು ಪದವಾಗಿ ಸೊರಗಿರುತ್ತದೆ. ಎಷ್ಟೋ ಸಲ ಅದೂ ಏರುವುದಿಲ್ಲ. ಮಗುವನ್ನು ಕರೆತಂದದ್ದು ತಲೆನೋವಿಗೆ ತಾನೆ? ಕಾಲಿನ ಸುದ್ದಿ ಯಾಕೆ ಎಂದು ಮನೆಯವರೇ ಸುಮ್ಮನಾಗುತ್ತಾರೆ.

ಆ ಸುದ್ದಿಯನ್ನು ಬಿಡಬಾರದು. ಪದೇ ಪದೇ ಅರೆತಲೆನೋವು, ಅಂದರೆ ಮೈಗ್ರೇನ್, ಬರುವ ಮಕ್ಕಳಲ್ಲಿ ಈ ಕಾಲಿನ ಚಡಪಡಿಕೆ ಉಳಿದ ಮಕ್ಕಳಿಗಿಂತ ಹೆಚ್ಚು ಎಂದು ಸಂಶೋಧನೆಗಳು ತೋರಿಸಿವೆ. ಅದಕ್ಕೆ 'ರೆಸ್ಟ್‌ಲೆಸ್ ಲೆಗ್ಸ್ ಸಿಂಡ್ರೋಮ್' ಎಂದು ಹೆಸರು. ಇಲ್ಲಿ 'ಚಡಪಡಿಕೆ ಕಾಲು' ಎಂದು ಕರೆಯೋಣ.

ನೋವಿಗಿಂತ ತವಕವೇ ಹೆಚ್ಚು

ಇದರ ಗುಟ್ಟು 'ನೋವು' ಎಂಬ ಪದದಲ್ಲಿ ಸಿಗುವುದಿಲ್ಲ. ಕೆಲವರಿಗೆ ನೋವೂ ಇರಬಹುದು. ಆದರೆ ಮೂಲ ಲಕ್ಷಣವೆಂದರೆ ಕಾಲನ್ನು ಆಡಿಸಲೇಬೇಕು ಎಂಬ ತಡೆಯಲಾರದ ತವಕ. ವೈದ್ಯರು ಇದನ್ನು ಗುರುತಿಸಲು ಐದು ಅಂಶಗಳನ್ನು ನೋಡುತ್ತಾರೆ. ಕಾಲು ಆಡಿಸುವ ಒತ್ತಡ ಇರಬೇಕು. ಕೂತಾಗ, ಮಲಗಿದಾಗ ಅದು ಶುರುವಾಗಬೇಕು ಇಲ್ಲವೇ ಹೆಚ್ಚಬೇಕು. ಎದ್ದು ನಡೆದರೆ, ಕಾಲು ಝಾಡಿಸಿದರೆ ಕೊಂಚವಾದರೂ ಇಳಿಯಬೇಕು. ಹಗಲಿಗಿಂತ ಸಂಜೆ, ರಾತ್ರಿ ಜಾಸ್ತಿಯಾಗಬೇಕು. ಕೊನೆಯದಾಗಿ, ಮೀನಖಂಡ ಹಿಡಿದುಕೊಳ್ಳುವುದು, ಕೀಲು ಊತ, ಪೆಟ್ಟು, ಜೋಮು ಹಿಡಿಯುವಂತೆ ಕೂತದ್ದು ಇಂಥ ಬೇರೆ ಕಾರಣ ಇರಬಾರದು.

ಇದನ್ನು ಹಿಡಿದುಕೊಡುವ ಎಕ್ಸ್‌ರೇ ಇಲ್ಲ, ಸ್ಕ್ಯಾನ್ ಇಲ್ಲ. ರಕ್ತಪರೀಕ್ಷೆ ಮಾಡಿಸುವುದುಂಟು, ಅದು ಕಾರಣ ಹುಡುಕಲಿಕ್ಕೆ ಮಾತ್ರ. ರೋಗಿಯ ಮಾತೇ ಇಲ್ಲಿ ಪರೀಕ್ಷೆ. ಮಕ್ಕಳ ವಿಷಯದಲ್ಲಂತೂ ತಜ್ಞರ ಅಂತರರಾಷ್ಟ್ರೀಯ ತಂಡವು ಮಗು ತನ್ನದೇ ಮಾತಿನಲ್ಲಿ ವರ್ಣಿಸಬೇಕು ಎಂದು ನಿಯಮವನ್ನೇ ಮಾಡಿದೆ. 2003ರಲ್ಲಿ ಮೊದಲು ರೂಪಿಸಿದ ಮಕ್ಕಳ ಮಾನದಂಡಗಳನ್ನು 2013ರಲ್ಲಿ ತಿದ್ದಿದಾಗಲೂ ಮಗುವಿನ ಸ್ವಂತ ಮಾತಿನ ಮಹತ್ವ ಕಡಿಮೆಯಾಗಲಿಲ್ಲ. ಹಾಗಾಗಿ ಮೂರು ಭಾಷೆಗಳ ನಡುವೆ ಬೆಳೆಯುವ ಮಗುವಿನ ಮಟ್ಟಿಗೆ ಯಾವ ಭಾಷೆಯಲ್ಲಿ ಕೇಳಿದೆವು ಎಂಬುದೇ ಅರ್ಧ ತಪಾಸಣೆ. ಮನೆಮಾತಿನಲ್ಲಿ ಕೇಳಿದಾಗ ಹೊರಬರುವ 'ಇರುವೆ' ಇಂಗ್ಲಿಷಿನಲ್ಲಿ ಕೇಳಿದಾಗ ಬರುವುದಿಲ್ಲ.

ಇದು ಅಪರೂಪದ ಕಾಯಿಲೆಯೇನೂ ಅಲ್ಲ. ಅಮೆರಿಕ ಮತ್ತು ಬ್ರಿಟನ್ನಿನ ಹತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳನ್ನು ವಿಚಾರಿಸಿ 2007ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ 8ರಿಂದ 17ರ ವಯಸ್ಸಿನ ಮಕ್ಕಳಲ್ಲಿ ನೂರಕ್ಕೆ ಸುಮಾರು 2 ಮಂದಿಗೆ ಚಡಪಡಿಕೆ ಕಾಲು ಇದೆ. ಅಂದರೆ ಐವತ್ತು ಮಕ್ಕಳ ತರಗತಿಯಲ್ಲಿ ಒಬ್ಬ ಹುಡುಗನೋ ಹುಡುಗಿಯೋ. ಅದೇ ವರ್ಷ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಕಡೆಯಿಂದ ಬಂದ ಅಧ್ಯಯನ ನಗರದ ಜನರಲ್ಲಿ 2.1 ಶೇಕಡಾ ಎಂಬ ಲೆಕ್ಕ ಕೊಟ್ಟಿತು.

ಮೊದಲು ಹೇಳಿದ ಸಮೀಕ್ಷೆಯಲ್ಲಿ ಇನ್ನೊಂದು ಸಂಗತಿ ಇತ್ತು. ಕಾಯಿಲೆ ಇದ್ದ ಮಕ್ಕಳಲ್ಲಿ ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚಿನವರ ತಂದೆಗೋ ತಾಯಿಗೋ ಅದೇ ಕಾಟವಿತ್ತು. ಇದು ರಕ್ತಸಂಬಂಧದಲ್ಲಿ ಹರಿದು ಬರುವ ಗುಣ. 2007ರಲ್ಲೇ ಇದಕ್ಕೆ ಸಂಬಂಧಿಸಿದ ಜೀನ್‌ಗಳ ಮೊದಲ ಸುಳಿವುಗಳೂ ಸಿಕ್ಕವು. 'ನಮ್ಮಮ್ಮನಿಗೂ ಹೀಗೇ, ರಾತ್ರಿಯೆಲ್ಲ ಕಾಲು ಒತ್ತಿಸಿಕೊಳ್ಳುತ್ತಿದ್ದರು' ಎಂಬ ಮಾತು ಬಂದರೆ ಅದನ್ನು ಮನೆತನದ ಚರಿತ್ರೆ ಎಂದು ತಳ್ಳಿಹಾಕಬೇಡಿ. ಅದು ವೈದ್ಯರಿಗೆ ಬೇಕಾದ ಸಾಕ್ಷ್ಯ. ಬಸುರಿಯಾಗಿದ್ದಾಗ ಕೊನೆಯ ತಿಂಗಳುಗಳಲ್ಲಿ ಕಾಲು ನಿಲ್ಲದೆ ಒದ್ದಾಡಿದ್ದು ತಾಯಿಗೆ ನೆನಪಿದ್ದರೆ ಅದನ್ನೂ ಹೇಳಬೇಕು.

ನಮ್ಮ ಕಡೆ ಇದಕ್ಕೆ ಸಿಗುವ ಸಿದ್ಧ ಉತ್ತರ ಒಂದೇ: 'ಬೆಳೆಯೋ ಮಕ್ಕಳು, ಕಾಲು ನೋಯುತ್ತೆ.' ಬೆಳವಣಿಗೆಯ ನೋವು ಎಂಬುದು ಇರುವುದು ನಿಜ. ಅದು ರಾತ್ರಿ ಬರುತ್ತದೆ, ನೀವಿದರೆ ಹೋಗುತ್ತದೆ. ಆದರೆ ಬೆಳವಣಿಗೆಯ ನೋವಿನ ಮಗು ಕಾಲು ಹಿಡಿದುಕೊಂಡು ಮಲಗುತ್ತದೆ. ಚಡಪಡಿಕೆ ಕಾಲಿನ ಮಗುವಿಗೆ ಮಲಗುವುದೇ ಶಿಕ್ಷೆ. ಅದು ಎದ್ದು ಓಡಾಡುತ್ತದೆ, ಗೋಡೆಗೆ ಕಾಲು ಒತ್ತುತ್ತದೆ, ತಣ್ಣನೆಯ ನೆಲಕ್ಕೆ ಹೊರಳುತ್ತದೆ, ತಮ್ಮನ ಮೇಲೆ ಕಾಲು ಹಾಕಿ ಬೈಸಿಕೊಳ್ಳುತ್ತದೆ. ಹಗಲಲ್ಲಿ ತರಗತಿಯ ಬೆಂಚಿನ ಮೇಲೆ ನೆಟ್ಟಗೆ ಕೂರಲಾಗದೆ 'ತುಂಟ' ಎಂಬ ಹೆಸರೂ ಬರುತ್ತದೆ. ಎಷ್ಟೋ ಸಲ ಗಮನ ನಿಲ್ಲದ, ಅತಿ ಚಟುವಟಿಕೆಯ ಮಕ್ಕಳ ಸಾಲಿಗೆ ಇವರನ್ನು ಸೇರಿಸಿಬಿಡುವುದೂ ಉಂಟು. ಎರಡೂ ಒಟ್ಟಿಗೇ ಇರುವ ಮಕ್ಕಳೂ ಕಡಿಮೆಯಿಲ್ಲ.

ಒಂದೇ ಪುಸ್ತಕದಲ್ಲಿ ಎರಡು ಕಾಯಿಲೆ

ತಲೆಯ ನೋವನ್ನೂ ಕಾಲಿನ ಚಡಪಡಿಕೆಯನ್ನೂ ಒಬ್ಬನೇ ವೈದ್ಯ ಒಂದೇ ಪುಸ್ತಕದಲ್ಲಿ ಬರೆದಿಟ್ಟ ಸೋಜಿಗ ವೈದ್ಯಚರಿತ್ರೆಯಲ್ಲಿದೆ. ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ 1672ರಲ್ಲಿ ಲ್ಯಾಟಿನ್ನಿನಲ್ಲಿ ಹೊರತಂದ ಗ್ರಂಥದಲ್ಲಿ ಬಿಡದೆ ಕಾಡುವ ತಲೆನೋವಿನ ಬಗ್ಗೆ ಬರೆದ. ಹಾಸಿಗೆಗೆ ಒರಗಿದ ಕೂಡಲೇ ಕೈಕಾಲು ಎಳೆದಾಡಿ ನಿದ್ರೆಯನ್ನೇ ಕಸಿಯುವ ವಿಚಿತ್ರ ಬಾಧೆಯನ್ನೂ ಬರೆದ. ಆ ಕಾಲದ ವೈದ್ಯಪದ್ಧತಿಯಂತೆ ರಕ್ತ ತೆಗೆಸುವುದೂ ಅವನ ಚಿಕಿತ್ಸೆಗಳಲ್ಲಿ ಒಂದಾಗಿತ್ತು. ಈ ಕಾಯಿಲೆಯವರ ಮೈಯಿಂದ ರಕ್ತ ತೆಗೆದರೆ ಕಬ್ಬಿಣವೂ ಹೋಗಿ ಬಾಧೆ ಇನ್ನೂ ಹೆಚ್ಚುತ್ತದೆ ಎಂದು ಲೋಕಕ್ಕೆ ತಿಳಿಯಲು ಸುಮಾರು ಮುನ್ನೂರು ವರ್ಷ ಹಿಡಿಯಿತು.

ತಿಳಿಸಿಕೊಟ್ಟವನು ಸ್ವೀಡನ್ನಿನ ನರವೈದ್ಯ ಕಾರ್ಲ್ ಆಕ್ಸೆಲ್ ಎಕ್ಬೋಮ್. 1945ರಲ್ಲಿ ಅವನು ತನ್ನ ರೋಗಿಗಳ ಅನುಭವಗಳನ್ನು ಒಟ್ಟುಗೂಡಿಸಿ ಈ ಕಾಯಿಲೆಗೆ ಇಂದಿನ ಹೆಸರು ಕೊಟ್ಟ. ಇಂಥವರಲ್ಲಿ ಹಲವರಿಗೆ ಕಬ್ಬಿಣದ ಕೊರತೆ ಇದೆಯೆಂದು ಎಕ್ಬೋಮ್ ಮತ್ತು ಅವನ ಸಮಕಾಲೀನ ನಾರ್ಡ್‌ಲ್ಯಾಂಡರ್ 1950ರ ದಶಕದಲ್ಲಿ ಕಂಡುಕೊಂಡರು. ಕಬ್ಬಿಣ ಕೊಟ್ಟಾಗ ಕಾಲುಗಳು ಶಾಂತವಾದವು. ಈಗ ಇದಕ್ಕೆ 'ವಿಲ್ಲಿಸ್–ಎಕ್ಬೋಮ್ ಕಾಯಿಲೆ' ಎಂಬ ಇನ್ನೊಂದು ಹೆಸರೂ ಇದೆ. ಆದರೆ ವಿಲ್ಲಿಸ್ ಒಂದೇ ಪುಸ್ತಕದೊಳಗೆ ಕೂರಿಸಿದ್ದ ತಲೆ ಮತ್ತು ಕಾಲುಗಳ ನಡುವೆ ನೆಂಟಸ್ತಿಕೆ ಇದೆಯೇ ಎಂದು ಲೆಕ್ಕಹಾಕಿ ನೋಡಿದ್ದು ಮಾತ್ರ ಈ ಶತಮಾನದಲ್ಲಿ.

ಮಕ್ಕಳ ಅರೆತಲೆನೋವು ಅರೆಯಾಗಿರುವುದಿಲ್ಲ

ಮೈಗ್ರೇನ್ ದೊಡ್ಡವರ ಕಾಯಿಲೆ ಎಂಬ ನಂಬಿಕೆ ಗಟ್ಟಿಯಾಗಿದೆ. ದೊಡ್ಡವರಲ್ಲಿ ಅದು ಎಷ್ಟಿದೆ ಎಂಬುದಕ್ಕೆ ಕರ್ನಾಟಕದಲ್ಲೇ ಒಳ್ಳೆಯ ಲೆಕ್ಕ ಉಂಟು. ನಿಮ್ಹಾನ್ಸ್ ತಂಡ 2009–10ರಲ್ಲಿ ಬೆಂಗಳೂರಿನ ಸುತ್ತಲಿನ ಹಳ್ಳಿ ಮತ್ತು ನಗರದ 18ರಿಂದ 65 ವರ್ಷದ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಮನೆಮನೆಗೆ ಹೋಗಿ ವಿಚಾರಿಸಿತು. ಒಂದು ವರ್ಷದ ಅವಧಿಯಲ್ಲಿ ನಾಲ್ವರಲ್ಲಿ ಒಬ್ಬರಿಗೆ ಮೈಗ್ರೇನ್ ಬಂದಿತ್ತು. ಇಂಥವರಲ್ಲಿ ಅನೇಕರಿಗೆ ಅದು ಶುರುವಾದದ್ದು ಶಾಲೆಯ ದಿನಗಳಲ್ಲೇ. ಸ್ವೀಡನ್ನಿನ ಉಪ್ಸಲಾದಲ್ಲಿ ಬೂ ಬಿಲ್ಲೆ ಎಂಬ ಮಕ್ಕಳ ವೈದ್ಯ ಸುಮಾರು 9,000 ಶಾಲಾಮಕ್ಕಳನ್ನು ಪರೀಕ್ಷಿಸಿ 1962ರಲ್ಲೇ ನೂರಕ್ಕೆ 4 ಮಂದಿಗೆ ಮೈಗ್ರೇನ್ ಇದೆಯೆಂದು ತೋರಿಸಿದ್ದ. ಅವರಲ್ಲಿ ಕೆಲವರನ್ನು ನಲವತ್ತು ವರ್ಷ ಹಿಂಬಾಲಿಸಿದಾಗ ಅರ್ಧಕ್ಕಿಂತ ಹೆಚ್ಚಿನವರಿಗೆ ಐವತ್ತು ತಲುಪಿದರೂ ತಲೆನೋವು ಬಿಟ್ಟಿರಲಿಲ್ಲ.

ಮಕ್ಕಳಲ್ಲಿ ಅದರ ವೇಷ ಬೇರೆ. ಅರೆತಲೆನೋವು ಎಂಬ ಹೆಸರಿದ್ದರೂ ಮಕ್ಕಳಿಗೆ ಬಹುಮಟ್ಟಿಗೆ ಹಣೆಯ ಎರಡೂ ಕಡೆ ನೋಯುತ್ತದೆ. ದೊಡ್ಡವರಲ್ಲಿ ಕನಿಷ್ಠ ನಾಲ್ಕು ಗಂಟೆ ಇರುವ ನೋವು ಮಕ್ಕಳಲ್ಲಿ ಎರಡೇ ಗಂಟೆಗೆ ಮುಗಿಯಬಹುದು. ಮುಖ ಬಿಳಿಚುತ್ತದೆ, ವಾಂತಿಯಾಗುತ್ತದೆ, ಬೆಳಕು ಸದ್ದು ಬೇಡವಾಗುತ್ತದೆ. ಒಂದು ನಿದ್ರೆ ತೆಗೆದು ಎದ್ದರೆ ಏನೂ ಆಗದವರಂತೆ ಆಡಲು ಹೊರಡುತ್ತಾರೆ. ಹಾಗಾಗಿ 'ಸ್ಕೂಲಿಗೆ ಚಕ್ಕರ್ ಹೊಡೆಯೋಕೆ ನಾಟಕ' ಎಂಬ ಆರೋಪ ಇವರ ಬೆನ್ನಿಗೆ ಬಿದ್ದಿರುತ್ತದೆ. ನಿದ್ರೆಯೇ ಇವರ ಮೊದಲ ಔಷಧಿ ಎಂಬುದನ್ನು ಗಮನಿಸಿ, ಮುಂದಿನ ಮಾತಿಗೆ ಅದು ಬೇಕು.

2012ರಲ್ಲಿ ಆಸ್ಟ್ರಿಯಾದ ವಿಯೆನ್ನಾದ ವೈದ್ಯರು ಮೈಗ್ರೇನ್ ಇರುವ ನೂರಕ್ಕೂ ಹೆಚ್ಚು ಮಕ್ಕಳನ್ನೂ ಹದಿಹರೆಯದವರನ್ನೂ ಆರೋಗ್ಯವಂತ ಮಕ್ಕಳ ಜೊತೆ ಹೋಲಿಸಿದರು. ಮೈಗ್ರೇನ್ ಮಕ್ಕಳಲ್ಲಿ ನೂರಕ್ಕೆ 22 ಮಂದಿಗೆ ಚಡಪಡಿಕೆ ಕಾಲು ಇತ್ತು. ಉಳಿದವರಲ್ಲಿ 5 ಮಂದಿಗೆ. ಅದಕ್ಕೂ ಐದು ವರ್ಷ ಮೊದಲು ಜರ್ಮನಿಯಲ್ಲಿ ದೊಡ್ಡವರ ಮೇಲೆ ನಡೆದ ಅಧ್ಯಯನದಲ್ಲೂ ಹೆಚ್ಚುಕಡಿಮೆ ಇದೇ ಚಿತ್ರ: ಮೈಗ್ರೇನ್ ಇದ್ದವರಲ್ಲಿ ನೂರಕ್ಕೆ 17, ಇಲ್ಲದವರಲ್ಲಿ 6. ತಲೆನೋವಿನ ಆಸ್ಪತ್ರೆಗೆ ಬಂದ ಮಕ್ಕಳ ಲೆಕ್ಕವನ್ನು ಊರಿನ ಎಲ್ಲ ಮಕ್ಕಳಿಗೆ ಅನ್ವಯಿಸುವಂತಿಲ್ಲ, ನಿಜ. ಒಂದು ಇನ್ನೊಂದಕ್ಕೆ ಕಾರಣ ಎಂದೂ ಇದರಿಂದ ಹೇಳಲಾಗದು. ಆದರೆ ತಲೆನೋವೆಂದು ಬಂದ ಐದು ಮಕ್ಕಳಲ್ಲಿ ಒಬ್ಬರಿಗೆ ಇರಬಹುದಾದ ಸಂಗತಿಯನ್ನು ವಿಚಾರಿಸಲು ಒಂದು ನಿಮಿಷ ಸಾಕು.

ಎರಡಕ್ಕೂ ನಂಟೇನು?

ಮೊದಲ ನಂಟು ತೀರ ಸರಳ. ಕಾಲು ನಿದ್ರೆ ಕೆಡಿಸುತ್ತದೆ, ಕೆಟ್ಟ ನಿದ್ರೆ ತಲೆನೋವನ್ನು ಕರೆಯುತ್ತದೆ. ಮೈಗ್ರೇನ್ ಮೆದುಳು ಏರುಪೇರು ಸಹಿಸುವುದಿಲ್ಲ. ಊಟ ತಪ್ಪಿದರೆ, ಬಿಸಿಲು ಹೆಚ್ಚಿದರೆ, ನಿದ್ರೆ ಎರಡು ಗಂಟೆ ಹಿಂದೆ ಮುಂದೆ ಆದರೆ ಕೆರಳುತ್ತದೆ. ಚಡಪಡಿಕೆ ಕಾಲಿನ ಹಲವು ಮಕ್ಕಳಿಗೆ ನಿದ್ರೆ ಹತ್ತಿದ ಮೇಲೂ ಕಾಲು ಸುಮ್ಮನಿರುವುದಿಲ್ಲ. ಅರ್ಧ ನಿಮಿಷಕ್ಕೊಮ್ಮೆ ಎಂಬಂತೆ ಪಾದ ಮೇಲಕ್ಕೆ ಮಡಚಿ ಬಿಡುತ್ತಿರುತ್ತದೆ. ಮಗುವಿಗೆ ಅದರ ಅರಿವಿಲ್ಲ, ಪಕ್ಕದಲ್ಲಿ ಮಲಗಿದ ಅಜ್ಜಿಗೆ ಗೊತ್ತು.

ಎರಡನೆಯ ನಂಟು ಇನ್ನೂ ಆಳದ್ದು. ಮೆದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕವಿದೆ. ಚಲನೆಯ ಹದ ಕಾಯುವ ಕೆಲಸ ಅದರದು. ಅದನ್ನು ತಯಾರಿಸುವ ಕಿಣ್ವಕ್ಕೆ ಕಬ್ಬಿಣ ಬೇಕು. ಗ್ಯಾರೇಜಿನಲ್ಲಿ ಸ್ಪ್ಯಾನರ್ ಇಲ್ಲದ ಮೆಕ್ಯಾನಿಕ್‌ನಂತೆ, ಕಬ್ಬಿಣವಿಲ್ಲದ ಕಿಣ್ವ ಇದ್ದೂ ಕೆಲಸಕ್ಕೆ ಬಾರದು. ಈ ಕಾಯಿಲೆಯಿದ್ದು ತೀರಿಕೊಂಡವರ ಮೆದುಳನ್ನು ಅಮೆರಿಕದ ಸಂಶೋಧಕರು ಪರೀಕ್ಷಿಸಿ 2003ರಲ್ಲಿ ವರದಿ ಮಾಡಿದರು. ಚಲನೆಯನ್ನು ನಿಯಂತ್ರಿಸುವ, ಕಪ್ಪು ಛಾಯೆಯ ಪುಟ್ಟ ಭಾಗವೊಂದರಲ್ಲಿ ಕಬ್ಬಿಣದ ದಾಸ್ತಾನು ಕುಗ್ಗಿತ್ತು. ಇದರ ಜೊತೆಗೆ ದಿನದ ಲಯವೂ ಸೇರಿಕೊಳ್ಳುತ್ತದೆ. ರಕ್ತದಲ್ಲಿನ ಕಬ್ಬಿಣ ಬೆಳಿಗ್ಗೆಗಿಂತ ರಾತ್ರಿ ಕಡಿಮೆ, ಡೋಪಮೈನ್ ಚಟುವಟಿಕೆಯೂ ಆ ಹೊತ್ತಿಗೆ ತಗ್ಗಿರುತ್ತದೆ. ಕಾಲು ರಾತ್ರಿಯೇ ಕಾಡುವುದಕ್ಕೆ ಕಾರಣ ಇಲ್ಲೇ ಇದೆಯೆಂದು ವಿಜ್ಞಾನಿಗಳು ಭಾವಿಸುತ್ತಾರೆ.

ಮೈಗ್ರೇನಿನಲ್ಲೂ ಡೋಪಮೈನಿನ ಹೆಜ್ಜೆಗುರುತು ಕಾಣುತ್ತದೆ. ನೋವು ಶುರುವಾಗುವ ಗಂಟೆಗಳ ಮೊದಲೇ ಮಗು ಪದೇ ಪದೇ ಆಕಳಿಸುತ್ತದೆ, ಹೊಟ್ಟೆ ತೊಳಸುತ್ತದೆ. ಇವೆರಡರಲ್ಲೂ ಡೋಪಮೈನಿನ ಕೈವಾಡ ಉಂಟು. ಮೆದುಳಿನ ನಡುವಿನ ಹೈಪೊಥಲಾಮಸ್‌ನಲ್ಲಿರುವ ಡೋಪಮೈನ್ ಕೋಶಗಳ ಒಂದು ಗುಂಪು ಬೆನ್ನುಹುರಿಯತ್ತಲೂ ತಲೆಯ ನೋವಿನ ನರಗಳತ್ತಲೂ ಎಳೆ ಚಾಚಿದೆ. ತಲೆ ಕಾಲುಗಳ ನಂಟು ಅಲ್ಲಿರಬಹುದೇ ಎಂಬುದು ಈಗಿನ ಒಂದು ಊಹೆ. ಆದರೆ ಕತೆ ಅಷ್ಟು ನೇರವಿಲ್ಲ. ವರ್ಷಗಟ್ಟಲೆ ಮೈಗ್ರೇನ್ ಅನುಭವಿಸಿದ ದೊಡ್ಡವರ ಮೆದುಳಿನ ಕೆಲವು ಭಾಗಗಳಲ್ಲಿ ಕಬ್ಬಿಣ ಹೆಚ್ಚಾಗಿ ಶೇಖರವಾದದ್ದು ಎಂ.ಆರ್.ಐ.ಯಲ್ಲಿ ಕಂಡಿದೆ. ಕಾಲಿನ ಕಾಯಿಲೆಯಲ್ಲಿ ಒಂದು ಕಡೆ ಬರ, ತಲೆಯ ಕಾಯಿಲೆಯಲ್ಲಿ ಇನ್ನೊಂದು ಕಡೆ ನೆರೆ. ಕಬ್ಬಿಣವನ್ನು ಮೆದುಳು ಹಂಚಿಕೊಳ್ಳುವ ರೀತಿಯಲ್ಲೇ ಏನೋ ಎಡವಟ್ಟು ಇರಬಹುದು.

'ರಿಪೋರ್ಟ್ ನಾರ್ಮಲ್' ಎಂದಾಗ

ಮನೆಯವರಿಗೂ ಎಷ್ಟೋ ಸಲ ವೈದ್ಯರಿಗೂ ಕಣ್ತಪ್ಪುವ ಜಾಗ ಇದು. ಮಗುವಿಗೆ ರಕ್ತ ಪರೀಕ್ಷೆ ಮಾಡಿಸಿದರು. ಹಿಮೋಗ್ಲೋಬಿನ್ 12 ಬಂತು. ಐದರಿಂದ ಹನ್ನೊಂದು ವರ್ಷದ ಮಗುವಿಗೆ 11.5 ಇದ್ದರೆ ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 'ರಕ್ತ ಚೆನ್ನಾಗಿದೆ' ಎಂದು ಎಲ್ಲರೂ ನಿರಾಳವಾದರು.

ಆದರೆ ಕಬ್ಬಿಣವನ್ನು ದುಡ್ಡು ಎಂದುಕೊಂಡರೆ, ಹಿಮೋಗ್ಲೋಬಿನ್ ಎಂದರೆ ಕೈಯಲ್ಲಿ ಓಡಾಡುತ್ತಿರುವ ದುಡ್ಡು. ಮೈಯ ಕಬ್ಬಿಣದ ದಾಸ್ತಾನನ್ನು ತೋರಿಸುವ ಫೆರಿಟಿನ್ ಎಂದರೆ ಪೆಟ್ಟಿಗೆಯಲ್ಲಿಟ್ಟ ಉಳಿತಾಯ. ಕಷ್ಟ ಬಂದಾಗ ಮನೆಯವರು ಪೆಟ್ಟಿಗೆ ಬರಿದು ಮಾಡಿ ದಿನದ ಖರ್ಚು ನಡೆಸುವಂತೆ, ಮೈಯೂ ಉಳಿತಾಯ ಕರಗಿಸಿ ಹಿಮೋಗ್ಲೋಬಿನ್ ಕಾಪಾಡುತ್ತದೆ. ಹಾಗಾಗಿ ರಕ್ತಹೀನತೆ ಕಾಣುವುದು ಕಟ್ಟಕಡೆಗೆ. ಅದಕ್ಕೂ ಬಹಳ ಮೊದಲೇ ಮೆದುಳಿಗೆ ತಾಪತ್ರಯ ಶುರುವಾಗಿರಬಹುದು.

ಶಾಲಾವಯಸ್ಸಿನ ಮಕ್ಕಳಿಗೆ ಫೆರಿಟಿನ್ ಲೀಟರಿಗೆ 15 ಮೈಕ್ರೋಗ್ರಾಂಗಿಂತ ಕೆಳಗಿದ್ದರೆ ಕಬ್ಬಿಣದ ಕೊರತೆ ಎನ್ನುವುದು ಸಾಮಾನ್ಯ ಲೆಕ್ಕ. ಪ್ರಯೋಗಾಲಯದ ಚೀಟಿಯೂ ಅದರ ಆಸುಪಾಸಿನ ಅಂಕಿಯನ್ನೇ ನಾರ್ಮಲ್ ಎಂದು ಮುದ್ರಿಸುತ್ತದೆ. ಚಡಪಡಿಕೆ ಕಾಲಿನ ಮಕ್ಕಳಿಗೆ ಅಳತೆಗೋಲು ಬೇರೆ. ಫೆರಿಟಿನ್ 50ಕ್ಕಿಂತ ಕಡಿಮೆಯಿದ್ದರೆ ಕಬ್ಬಿಣ ಕೊಟ್ಟು ನೋಡಬಹುದು ಎಂದು ತಜ್ಞರ ಅಂತರರಾಷ್ಟ್ರೀಯ ಸಮಿತಿ 2018ರಲ್ಲಿ ಸಲಹೆ ಕೊಟ್ಟಿತು. ಅಂದರೆ ಫೆರಿಟಿನ್ 22 ಇರುವ ಮಗುವಿನ ವರದಿ ಕಾಗದದ ಮೇಲೆ ನಾರ್ಮಲ್, ಆ ಮಗುವಿನ ಕಾಲಿಗೆ ಮಾತ್ರ ಸಾಲದು. ಇನ್ನೊಂದು ಮಾತು: ಜ್ವರ, ಸೋಂಕು ಇದ್ದಾಗ ಫೆರಿಟಿನ್ ಸುಳ್ಳು ಸುಳ್ಳೇ ಏರಿರುತ್ತದೆ. ಮಗು ಚೆನ್ನಾಗಿರುವಾಗ ಪರೀಕ್ಷೆ ಮಾಡಿಸಬೇಕು.

ನಮ್ಮ ದೇಶದಲ್ಲಿ ಈ ಉಳಿತಾಯದ ಪೆಟ್ಟಿಗೆ ಎಷ್ಟು ಬರಿದಾಗಿದೆ ಎಂಬುದನ್ನು 2016–18ರ ರಾಷ್ಟ್ರೀಯ ಸಮಗ್ರ ಪೋಷಣೆ ಸಮೀಕ್ಷೆ ತೋರಿಸಿತು. ಹದಿಹರೆಯದ ಹುಡುಗಿಯರಲ್ಲಿ ನೂರಕ್ಕೆ 31 ಮಂದಿಗೆ, ಹುಡುಗರಲ್ಲಿ 12 ಮಂದಿಗೆ ಕಬ್ಬಿಣದ ಕೊರತೆ. ಮುಟ್ಟು ಶುರುವಾದ ಮೇಲೆ ಹುಡುಗಿಯರ ದಾಸ್ತಾನು ಕರಗುತ್ತದೆ. ಹುಡುಗಿಯರಲ್ಲಿ ಮೈಗ್ರೇನ್ ಏರುವುದೂ ಅದೇ ವಯಸ್ಸಿನಲ್ಲಿ. ಈ ಎರಡು ಗೆರೆಗಳು ಕೂಡುವ ಜಾಗದಲ್ಲಿ ನಿಂತಿರುವ ಹದಿಮೂರರ ಹುಡುಗಿಯನ್ನು ವಿಶೇಷವಾಗಿ ವಿಚಾರಿಸಬೇಕು.

ಮಾತ್ರೆಯೇ ಮುಳುವಾದೀತು

ಕಾಲಿನ ಸುದ್ದಿಯನ್ನು ವೈದ್ಯರಿಗೆ ಹೇಳಲೇಬೇಕಾದುದಕ್ಕೆ ಇನ್ನೊಂದು ಬಲವಾದ ಕಾರಣವಿದೆ. ತಲೆನೋವಿಗೆ ಕೊಡುವ ಕೆಲವು ಮಾತ್ರೆಗಳು ಕಾಲನ್ನು ಕೆರಳಿಸುತ್ತವೆ.

ಮೈಗ್ರೇನಿನ ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್, ಪ್ರೊಕ್ಲೋರ್‌ಪೆರಜೀನ್ ಮೊದಲಾದವು ಮೆದುಳಿನಲ್ಲಿ ಡೋಪಮೈನಿಗೆ ಅಡ್ಡಗಟ್ಟುತ್ತವೆ. ಮೊದಲೇ ಡೋಪಮೈನ್ ಸಾಲದ ಕಾಲಿಗೆ ಇದು ಗಾಯದ ಮೇಲೆ ಬರೆ. ಮೈಗ್ರೇನ್ ಬಾರದಂತೆ ತಡೆಯಲು ನಮ್ಮಲ್ಲಿ ಬಹಳ ಬಳಕೆಯಲ್ಲಿರುವ ಫ್ಲೂನರಿಜೀನ್‌ಗೂ ಡೋಪಮೈನ್ ತಡೆಯುವ ಗುಣ ಇದೆ. ಅಮಿಟ್ರಿಪ್ಟಿಲಿನ್ ಕೂಡ ಕೆಲವರಲ್ಲಿ ಕಾಲಿನ ಚಡಪಡಿಕೆ ಹೆಚ್ಚಿಸುತ್ತದೆ. ನೆಗಡಿಗೆ, ತುರಿಕೆಗೆ, 'ಮಗು ಸರಿಯಾಗಿ ನಿದ್ದೆ ಮಾಡಲಿ' ಎಂದು ಕೊಡುವ ತೂಕಡಿಕೆ ತರುವ ಅಲರ್ಜಿ ಸಿರಪ್ಪುಗಳದ್ದೂ ಇದೇ ತಂಟೆ. ನಿದ್ರೆಗೆಂದು ಕೊಟ್ಟ ಸಿರಪ್ಪೇ ಕಾಲನ್ನು ಎಬ್ಬಿಸಿ ಕೂರಿಸಿದರೆ ಮನೆಯವರಿಗೆ ದಿಕ್ಕೇ ತೋಚುವುದಿಲ್ಲ.

ಹಾಗೆಂದು ಈ ಮಾತ್ರೆಗಳು ಕೆಟ್ಟವಲ್ಲ. ಎಷ್ಟೋ ಮಕ್ಕಳಿಗೆ ಅವೇ ಆಸರೆ. ಇದನ್ನು ಓದಿ ಯಾರೂ ತಾವಾಗಿಯೇ ಮಾತ್ರೆ ನಿಲ್ಲಿಸಬಾರದು. 'ಈ ಮಾತ್ರೆ ಶುರು ಮಾಡಿದ ಮೇಲೆ ರಾತ್ರಿ ಕಾಲಿನ ಒದ್ದಾಟ ಹೆಚ್ಚಾಗಿದೆ' ಎಂದು ವೈದ್ಯರಿಗೆ ಹೇಳಿದರೆ ಸಾಕು. ಬದಲಿ ಔಷಧಿಗಳು ಅವರ ಬಳಿ ಇವೆ. ಹಾಗೆಯೇ ನೋವಿನ ಮಾತ್ರೆಯನ್ನು ತಿಂಗಳಲ್ಲಿ ಅರ್ಧಕ್ಕರ್ಧ ದಿನ ನುಂಗಿಸುತ್ತಾ ಹೋದರೆ ಆ ಮಾತ್ರೆಯೇ ತಲೆನೋವನ್ನು ಬೇರೂರಿಸುತ್ತದೆ ಎಂಬುದೂ ನೆನಪಿರಲಿ.

ಕೊಂಗುನಾಡಿನ ತಟ್ಟೆ, ಕೊಂಗುನಾಡಿನ ರಾತ್ರಿ

ಕಬ್ಬಿಣ ಎಂದ ಕೂಡಲೇ ಬೀಟ್‌ರೂಟ್ ನೆನಪಾಗುತ್ತದೆ. ಕೆಂಪಗಿದೆ, ರಕ್ತವೂ ಕೆಂಪು, ಲೆಕ್ಕ ಸರಿಹೋಯಿತು! ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕ ತೆರೆದರೆ ನೂರು ಗ್ರಾಂ ಬೀಟ್‌ರೂಟಿನಲ್ಲಿ ಒಂದು ಮಿಲಿಗ್ರಾಂ ಕಬ್ಬಿಣವೂ ಇಲ್ಲ. ಅದೇ ಕೋಷ್ಟಕದಲ್ಲಿ ನುಗ್ಗೆಸೊಪ್ಪು, ರಾಗಿ ಎರಡರಲ್ಲೂ ಸುಮಾರು 4.6, ಸಜ್ಜೆಯಲ್ಲಿ 6.4, ಹುರುಳಿಯಲ್ಲಿ ಸುಮಾರು 8.8 ಮಿಲಿಗ್ರಾಂ. ಕೊಂಗುನಾಡಿನ ಹಳೆಯ ತಟ್ಟೆ ನೋಡಿ: ರಾಗಿಯ ಕಳಿ, ಕಂಬಿನ (ಸಜ್ಜೆಯ) ಗಂಜಿ, ಕೊಳ್ಳಿನ (ಹುರುಳಿಯ) ರಸಂ, ಮುರುಂಗೆ (ನುಗ್ಗೆ) ಸೊಪ್ಪು. ಮೈಸೂರು ಸೀಮೆಯ ಮುದ್ದೆ, ಹುರುಳಿಸಾರು, ನುಗ್ಗೆಸೊಪ್ಪಿನ ಪಲ್ಯ ಎಂದರೂ ಅದೇ ತಟ್ಟೆ. ಅದರ ಜಾಗದಲ್ಲಿ ಈಗ ಬಿಳಿ ಅಕ್ಕಿಯ ಇಡ್ಲಿ ಮತ್ತು ಬೇಕರಿಯ ಬನ್ನು ಕೂತಿವೆ.

ಗಿಡದ ಕಬ್ಬಿಣ ಮೈಗೆ ಹತ್ತುವುದು ಅಲ್ಪ. ಮಾಂಸ, ಮೀನಿನದು ಸಲೀಸಾಗಿ ಹತ್ತುತ್ತದೆ. ಸಸ್ಯಾಹಾರಿ ಮನೆಗಳಿಗೆ ನೆಲ್ಲಿಕಾಯಿ, ಸೀಬೆ, ನಿಂಬೆಹಣ್ಣು ಜೊತೆಗಾರರು. ಅವುಗಳ ಸಿ ವಿಟಮಿನ್ ಕಬ್ಬಿಣವನ್ನು ಕರುಳಿನೊಳಗೆ ಕರೆದೊಯ್ಯುತ್ತದೆ. ಎದುರಾಳಿ ಯಾರೆಂದರೆ ಪಕ್ಕದ ನೀಲಗಿರಿಯಿಂದ ಇಳಿದು ಬರುವ ಟೀ. ಊಟದ ಜೊತೆ ಕುಡಿದ ಟೀಯ ಒಗರು ಕಬ್ಬಿಣವನ್ನು ಕಟ್ಟಿಹಾಕುತ್ತದೆ. ಅದರ ಕೆಫೀನ್ ನಿದ್ರೆ ಕೆಡಿಸುತ್ತದೆ, ಕಾಲನ್ನೂ ಕೆಣಕಬಹುದು. ಸ್ಕೂಲಿಗೆ ಹೊರಡುವ ಮಗುವಿಗೆ ಟೀ–ಬನ್ನು ಕೊಟ್ಟು ಕಳಿಸುವ ಮನೆಗಳು ಈ ಒಂದನ್ನು ಬದಲಿಸಿದರೂ ಲಾಭ. ತಮಿಳುನಾಡಿನ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ 2022ರ ಸೆಪ್ಟೆಂಬರಿನಲ್ಲಿ ಶುರುವಾದ ಬೆಳಗಿನ ತಿಂಡಿ ಯೋಜನೆ ಮೈಗ್ರೇನ್ ಮಕ್ಕಳಿಗೆ ಪರೋಕ್ಷ ಔಷಧಿಯೇ ಸರಿ, ಏಕೆಂದರೆ ಬರಿಹೊಟ್ಟೆಯ ಬೆಳಗು ತಲೆನೋವಿನ ಹಳೆಯ ಗೆಳೆಯ.

ಆಹಾರ ದಾಸ್ತಾನು ಉಳಿಸುತ್ತದೆ. ಬರಿದಾದ ದಾಸ್ತಾನು ತುಂಬಲು ಸಾಮಾನ್ಯವಾಗಿ ಔಷಧಿಯೇ ಬೇಕು. ವೈದ್ಯರು ಮಗುವಿನ ತೂಕ ನೋಡಿ ಪ್ರಮಾಣ ನಿರ್ಧರಿಸಿ ಸುಮಾರು ಮೂರು ತಿಂಗಳು ಕೊಟ್ಟು, ಮತ್ತೆ ಫೆರಿಟಿನ್ ನೋಡುತ್ತಾರೆ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣದ ಮಾತ್ರೆ, ಚಿಕ್ಕವರಿಗೆ ಗುಲಾಬಿ ಬಣ್ಣದ್ದು, ದೊಡ್ಡವರಿಗೆ ನೀಲಿಯದು, ರಕ್ತಹೀನತೆ ತಡೆಯಲಿಕ್ಕೆ. ಅದನ್ನು ಎಸೆಯದೆ ನುಂಗಲಿ, ಆದರೆ ಅದೇ ಚಿಕಿತ್ಸೆ ಎಂದುಕೊಳ್ಳಬಾರದು. ಹೊಟ್ಟೆಯ ಕೊಕ್ಕೆಹುಳ ಕಬ್ಬಿಣದ ಕಳ್ಳ, ಹಾಗಾಗಿ ಜಂತುಹುಳದ ಮಾತ್ರೆಯನ್ನೂ ತಪ್ಪಿಸಬಾರದು. ಅಂಗಡಿಯಿಂದ ತಂದು ತಾವೇ ಕಬ್ಬಿಣ ಕೊಡುವುದು ಅಪಾಯ. ಥಲಸ್ಸೀಮಿಯಾದಂಥ ಕೆಲವು ರಕ್ತದ ಕಾಯಿಲೆಗಳಲ್ಲಿ ಕಬ್ಬಿಣ ಮೈಯಲ್ಲಿ ಅತಿಯಾಗುತ್ತದೆ. ಚಿಕ್ಕ ಮಗು ಕಬ್ಬಿಣದ ಮಾತ್ರೆಯನ್ನು ಮಿಠಾಯಿ ಎಂದು ಹಿಡಿಗಟ್ಟಲೆ ನುಂಗಿದರೆ ಜೀವಕ್ಕೇ ಸಂಚಕಾರ.

ಇನ್ನು ರಾತ್ರಿ. ಸೋಮನೂರು, ಪಲ್ಲಡದ ಕಡೆ ವಿದ್ಯುತ್ ಮಗ್ಗಗಳ ಕಟಕಟ ಸದ್ದಿನ ನಡುವೆ ಮಕ್ಕಳು ಮಲಗುತ್ತಾರೆ. ತಿರುಪ್ಪೂರಿನಲ್ಲಿ ಅಪ್ಪ ಅಮ್ಮನ ಶಿಫ್ಟು ಮುಗಿಯುವ ಹೊತ್ತು ಮನೆಯ ಊಟದ ಹೊತ್ತನ್ನೂ ಮಲಗುವ ಹೊತ್ತನ್ನೂ ನಿರ್ಧರಿಸುತ್ತದೆ. ಕಾರ್ಖಾನೆಯ ಗಡಿಯಾರವನ್ನು ಮನೆಯವರು ಬದಲಿಸಲಾರರು. ಆದರೆ ಮಗು ಮಲಗುವ, ಏಳುವ ವೇಳೆಯನ್ನು ವಾರದ ಏಳೂ ದಿನ ಒಂದೇ ಇಡುವುದು ಹಲವು ಮನೆಗಳಿಗೆ ಸಾಧ್ಯ. ಸಂಜೆಯ ಆಟ, ಮಲಗುವ ಮುನ್ನ ಕಾಲಿಗೆ ಬಿಸಿನೀರು, ಮೀನಖಂಡವನ್ನು ನೀವುವುದು, ಫೋನನ್ನು ಹಾಸಿಗೆಯಿಂದ ದೂರ ಇಡುವುದು ಕಾಲಿಗೂ ಹಿತ, ತಲೆಗೂ ಹಿತ. ಅಜ್ಜಿಯ ಕೈಯ ಎಣ್ಣೆ ಮೆದುಳಿಗೆ ಕಬ್ಬಿಣ ತುಂಬುವುದಿಲ್ಲ, ಒಂದು ರಾತ್ರಿಯನ್ನು ದಾಟಿಸುತ್ತದೆ.

ಕೇಳಬೇಕಾದ ನಾಲ್ಕು ಮಾತು

ತಿಂಗಳಿಗೆ ಎರಡು ಮೂರು ಸಲ ತಲೆನೋವೆನ್ನುವ ಮಗು ಮನೆಯಲ್ಲಿದ್ದರೆ ಇವತ್ತು ರಾತ್ರಿ, ಅದು ಮಲಗಿದ ಮೇಲೆ, ಮನೆಮಾತಿನಲ್ಲಿ ಕೇಳಿ. ಮಲಗಿದಾಗ ಕಾಲಿಗೆ ಏನಾದರೂ ಅನ್ನಿಸುತ್ತಾ? ಆಡಿಸಬೇಕು ಅನ್ನಿಸುತ್ತಾ? ಎದ್ದು ಓಡಾಡಿದರೆ ಕಮ್ಮಿಯಾಗುತ್ತಾ? ಬೆಳಿಗ್ಗೆ ಜಾಸ್ತಿಯೋ, ರಾತ್ರಿ ಜಾಸ್ತಿಯೋ? ಉತ್ತರವನ್ನು ನೀವೇ ಬಾಯಿಗೆ ಹಾಕಬೇಡಿ. ಅದು ಇರುವೆ ಎನ್ನಲಿ, ಕರೆಂಟು ಎನ್ನಲಿ, ಸೋಡಾ ಎನ್ನಲಿ, ಹಾಗೆಯೇ ಬರೆದಿಡಿ. ತಲೆನೋವು ಬಂದ ದಿನ, ಹಿಂದಿನ ರಾತ್ರಿಯ ನಿದ್ರೆ, ಕಾಲಿನ ಕಾಟ, ಕೊಟ್ಟ ಮಾತ್ರೆ ಇವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾ ಬನ್ನಿ.

ಕೆಲವು ತಲೆನೋವುಗಳಲ್ಲಿ ಈ ಲೆಕ್ಕಾಚಾರಕ್ಕೆ ಸಮಯವಿಲ್ಲ. ಜ್ವರದ ಜೊತೆ ಕತ್ತು ಬಿಗಿದರೆ, ದಿನದಿನಕ್ಕೆ ನೋವು ಏರುತ್ತಲೇ ಹೋದರೆ, ನಸುಕಿನಲ್ಲಿ ನೋವಿನಿಂದ ಎಚ್ಚರಗೊಂಡು ವಾಂತಿ ಮಾಡಿದರೆ, ನಡಿಗೆ ಓಲಾಡಿದರೆ, ದೃಷ್ಟಿ ಮಂಜಾದರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಒಂದೇ ಕಾಲು ಸದಾ ನೋಯುತ್ತಿದ್ದರೆ, ಊದಿದ್ದರೆ, ಮಗು ಕುಂಟುತ್ತಿದ್ದರೆ ಅದು ಚಡಪಡಿಕೆ ಕಾಲಲ್ಲ, ಬೇರೆ ಪರೀಕ್ಷೆ ಬೇಕು.

ಉಳಿದಂತೆ, ಮುಂದಿನ ಸಲ ತಲೆನೋವಿಗೆಂದು ವೈದ್ಯರ ಬಳಿ ಹೋದಾಗ ಆ ಕ್ಯಾಲೆಂಡರ್ ಜೊತೆಗಿರಲಿ. ಹಿಮೋಗ್ಲೋಬಿನ್ ಜೊತೆ ಫೆರಿಟಿನ್ ಕೂಡ ನೋಡಬೇಕೇ ಎಂದು ಕೇಳಿ. ಮಗು ಕಾಲಿನ ಬಗ್ಗೆ ಹೇಳಿದ್ದನ್ನು 'ಲೆಗ್ ಪೇನ್' ಎಂದು ಅನುವಾದಿಸದೆ, ಅದು ಹೇಳಿದ ಮಾತಿನಲ್ಲೇ ವೈದ್ಯರಿಗೆ ಒಪ್ಪಿಸಿ.